ಗಿಟಾರ್ ವರ್ಣವಿಜಯ

ಎಂಟು ದಿಕ್ಕುಗಳ ಒಡೆಯರೇ, ಏಳು ಬಣ್ಣಗಳ ಯಜಮಾನನಾದ ಸೂರ್ಯದೇವನೇ, ಕೊಂಚ ಇತ್ತ ಕಿವಿಗೊಡಿ! ರಾಜಾಧಿರಾಜರ ರಥತುರಗಗಳನ್ನು ಹೊಗಳಲು ಬೇರೆ ಕವಿಗಳಿದ್ದಾರೆ. ನಾನು ಹೇಳಹೊರಟಿರುವುದು ಮಂಡಕ್ಕಿಮೆಣಸಿನಕಾಯಿಪರಿಮಳಪರಿವೃತವಾದ ದಾವಣಗೆರೆ ಮಹಾಪಟ್ಟಣದಲ್ಲಿ, ದ್ವಿಚಕ್ರತ್ರಿಚಕ್ರಚತುಶ್ಚಕ್ರವಾಯುಪ್ರದಾಯಕನೂ ಪಂಕ್ಚರುಕುಲಾಂತಕನೂ ಆದ ಕೊಟ್ರೇಶಪ್ಪನಿಗೂ ಅವನ ಒಬ್ಬಳೇ ಮಗಳು ತೇಜಸ್ವಿನಿಗೂ ಒಂದು ಎಲೆಕ್ಟ್ರಿಕ್ ಗಿಟಾರಿನ ಮೈಬಣ್ಣದ ಸಲುವಾಗಿ ನಡೆದ ಘೋರ ಕಾಳಗದ ಕಥೆ.

ಟಯರ್ ಅಂಗಡಿ ಇಡುವ ಮೊದಲು ಕೊಟ್ರೇಶಪ್ಪ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ನುಡಿಸುತ್ತಿದ್ದ. ಆರತಕ್ಷತೆಗಳಲ್ಲಿ ಅವನ ತಂತಿಝೇಂಕಾರ ಕೇಳಿ ಊಟದ ಪಂಕ್ತಿಯಲ್ಲಿದ್ದವರು ತುತ್ತು ಮರೆಯುತ್ತಿದ್ದರೆಂದು ಅವನೇ ಹೇಳುತ್ತಿದ್ದ. ಆರ್ಕೆಸ್ಟ್ರಾ ಮುರಿದ ಮೇಲೆ ಆ ದಿವ್ಯಾಯುಧ ಬೀರುವಿನ ಮೇಲೆ ಹಳೆಯ ಬೆಡ್‌ಶೀಟು ಹೊದ್ದು ಅಜ್ಞಾತವಾಸದಲ್ಲಿತ್ತು. ಈಗ ಮಗಳು ಕಾಲೇಜಿನ ವೇದಿಕೆ ಹತ್ತುವ ಕಾಲ ಬಂದಾಗ ಅವನು ಅದನ್ನಿಳಿಸಿ, ಕರ್ಣನೂ ನಾಚುವ ಔದಾರ್ಯದಿಂದ, "ತಗೊಳವ್ವ, ಇನ್ಮೇಲೆ ಇದು ನಿಂದೇ" ಎಂದಿದ್ದ.

ಹಳೆಯ ಬಣ್ಣ ಹೊಪ್ಪಳೆ ಏಳುತ್ತಿತ್ತು. ಅಪ್ಪ ಮಗಳು ಅಂಗಳದಲ್ಲಿ ಕೂತು, ಹಾಡಿಕೊಂಡು, ಉಪ್ಪುಕಾಗದದಿಂದ ಮರ ಕಾಣುವವರೆಗೆ ತಿಕ್ಕಿದರು. ಅಲ್ಲಿಯವರೆಗೆ ಲೋಕ ಶಾಂತವಾಗಿತ್ತು.

"ಕೆಂಪು ಹೊಡೆಸಾನ. ಒಳಗೆ ಚಿನ್ನದ ಮಿಣುಕು," ಎಂದ ಕೊಟ್ರೇಶಪ್ಪ.

"ಪಿಸ್ತಾ ಹಸಿರಪ್ಪಾ. ಮೇಲೆ ಮ್ಯಾಟ್ ಕ್ಲಿಯರ್ ಕೋಟ್. ಒಂಚೂರೂ ಹೊಳೀಬಾರ್ದು."

ಪಂಕ್ಚರುಕುಲಾಂತಕನು ಸಿಂಹದಂತೆ ಎದ್ದು ನಿಂತನು. "ಪಿಸ್ತಾ ಹಸಿರಾ? ಅದು ಆಸ್ಪತ್ರೆ ಗೋಡೆಗೆ ಹೊಡಿಯೋ ಬಣ್ಣ ಕಣೇ! ಹರಿಹರದಿಂದ ಚಿತ್ರದುರ್ಗದ ತನಕ ಸ್ಟೇಜು ನಡುಗಿಸಿದೋನು ನಾನು! ನನ್ನ ಗಿಟಾರು ಹೊಳೆದ್ರೆ ಕಡೇ ಸಾಲಿನೋರೂ ಕಣ್ಣು ಮುಚ್ಕೋಬೇಕು!"

"ನಿಮ್ಮ ಕೆಂಪು ಮಿಣುಕು ಬ್ಯಾಂಡ್‌ಸೆಟ್ಟಿನೋರ ಕೋಟಿದ್ದಂಗಿರುತ್ತೆ! ಅದನ್ನ ನೇತಾಕ್ಕೊಂಡು ನಾನು ಸ್ಟೇಜು ಹತ್ತಲ್ಲ!"

ಮೂರು ಹೊತ್ತು ಮೌನಯುದ್ಧ ನಡೆಯಿತು. ಸಾರು ಬೇಕೆಂದರೂ ದೂತಕಾರ್ಯ ಗೃಹಸಾಮ್ರಾಜ್ಞಿ ಶಿವಲೀಲಳದು. "ನಿಮ್ಮಪ್ಪಂಗೆ ಸಾರು ಬೇಕಂತೆ," "ನಿಮ್ ಮಗಳಿಗೆ ಸಾಕಂತೆ" ಎಂಬ ರಾಜತಾಂತ್ರಿಕ ಸಂದೇಶಗಳನ್ನು ಸಾಗಿಸಿ ಸಾಗಿಸಿ ಬೇಸತ್ತ ಆಕೆ ಕೊನೆಗೆ ಸೌಟು ಕುಕ್ಕಿದಳು: "ಇಬ್ರೂ ಪೇಂಟಂಗಡಿಗೆ ಹೋಗಿ ತೀರಿಸ್ಕೊಂಡು ಬರ್ರಿ. ಇಲ್ಲಾಂದ್ರೆ ಆ ಹಲಗೇನ ಒಲೆಗೆ ಹಾಕ್ತೀನಿ."

ಪೇಂಟಂಗಡಿಯ ಖಾದರ್ ಸಾಹೇಬರು, ಅಸಂಖ್ಯವರ್ಣಡಬ್ಬಿದುರ್ಗಾಧಿಪತಿಗಳು, ಇಬ್ಬರ ಘನಗಂಭೀರ ವಾದವನ್ನೂ ಕೊನೆಯ ಅಕ್ಷರದವರೆಗೆ ಆಲಿಸಿದರು. ಆಮೇಲೆ ಕನ್ನಡಕ ಒರೆಸುತ್ತ, "ಅದೆಲ್ಲ ಇರ್ಲಿ. ಗಿಟಾರು ಯಾರ್ದು?" ಎಂದರು.

"ನಂದು!" ಅಪ್ಪ ಮಗಳು ಒಂದೇ ಉಸಿರಿಗೆ ಅಂದರು.

ತೇಜಸ್ವಿನಿ ಅಪ್ಪನ ಮುಖ ನೋಡಿದಳು. ಅವಳ ಕಣ್ಣು ತುಂಬಿತ್ತು. "ಕೊಟ್ಟೀನಿ ಅಂದ್ರಲ್ಲಪ್ಪಾ."

ಸಾವಿರಾರು ಟಯರುಗಳಿಗೆ ಗಾಳಿ ತುಂಬಿದ ಆ ಮಹಾವೀರನ ಎದೆಯಿಂದ ಗಾಳಿ ಹೊರಟುಹೋಯಿತು. ತಾನು ಬಾಯಲ್ಲಿ ಕೊಟ್ಟಿದ್ದೇನೆ, ಕೈ ಇನ್ನೂ ಬಿಟ್ಟಿಲ್ಲ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಅಂಗಡಿಯ ನೆಲ ನೋಡುತ್ತ, "ಅವಳ್ದು ಸಾಹೇಬ್ರೆ. ಪಿಸ್ತಾ ಹಸಿರೇ ಕೊಡ್ರಿ," ಎಂದ.

"ಮೇಲಿನ ಕೋಟು?"

ಕೊಟ್ರೇಶಪ್ಪ ಬಾಯಿ ಬಿಡಲಿಲ್ಲ. ಆ ಬಿಡದಿರುವಿಕೆಗೆ ಬೇಕಾದ ಶೌರ್ಯವನ್ನು ಬಣ್ಣಿಸಲು ನನ್ನಲ್ಲಿ ಪದಗಳಿಲ್ಲ. ಮಗಳೇ ಮೆಲ್ಲಗೆ ಕೇಳಿದಳು: "ಅಪ್ಪಾ, ಕೈ ಬೆವರಿಗೆ ಯಾವುದು ತಡಿಯುತ್ತೆ?"

"ಮ್ಯಾಟ್ ಆದ್ರೆ ಮೊಣಕೈ ಉಜ್ಜೋ ಜಾಗ ಮಾತ್ರ ಹೊಳಪು ಬಂದು ತೇಪೆ ಹಾಕ್ದಂಗೆ ಕಾಣ್ತದವ್ವ. ಗ್ಲಾಸಿ ಆದ್ರೆ ಒರೆಸಿದ್ರೆ ಮುಗೀತು. ಆದ್ರೆ ನಿನ್ನಿಷ್ಟ."

"ಹಂಗಾದ್ರೆ ಗ್ಲಾಸೀನೇ ಇರ್ಲಿ."

"ಬಣ್ಣ, ಕ್ಲಿಯರ್ ಎರಡೂ ಒಂದೇ ಕಂಪನೀದು ತಗೊಳ್ರಿ. ಇಲ್ಲಾಂದ್ರೆ ಒಂದಕ್ಕೊಂದು ಹೊಂದದೆ ಹಪ್ಪಳ ಸುಟ್ಟಂಗೆ ಸುಕ್ಕಾಗ್ತದೆ," ಎಂದು ಖಾದರ್ ಸಾಹೇಬರು ಸಂಧಿಪತ್ರಕ್ಕೆ ಮೊಹರು ಒತ್ತಿದರು.

ಭಾನುವಾರ ಟಯರ್ ಅಂಗಡಿಯ ಹಿತ್ತಲಲ್ಲಿ, ಬಟ್ಟೆ ಒಣಹಾಕುವ ತಂತಿಗೆ ಗಿಟಾರಿನ ಒಡಲನ್ನು ತೂಗುಹಾಕಿ, ಮುಖವಾಡಧಾರಿಯಾದ ಕೊಟ್ರೇಶಪ್ಪನು ಗಾಳಿಯಂತ್ರಕ್ಕೆ ಜೋಡಿಸಿದ ಸ್ಪ್ರೇಗನ್ನೆಂಬ ಮಹಾಸ್ತ್ರವನ್ನೆತ್ತಿದನು. ತೆಳುವಾಗಿ ಒಂದು ಕೋಟು, ಒಣಗಿದ ಮೇಲೆ ಇನ್ನೊಂದು; ಮಗಳು ಕಣ್ಣರಳಿಸಿ "ಇಲ್ಲಿ ಬಿಟ್ಟೋಯ್ತು, ಅಲ್ಲಿ ಬಿಟ್ಟೋಯ್ತು" ಎಂದು ಸಾರಥ್ಯ ವಹಿಸಿದಳು. ಕೊನೆಗೆ ಕ್ಲಿಯರ್ ಕೋಟಿನ ಮಂಜು ಕವಿದು ಸರಿದಾಗ ಆ ಹಸಿರು ಮಳೆ ನಿಂತ ಮೇಲಿನ ಬಾಳೆಯ ಸುಳಿಯಂತೆ ಹೊಳೆಯಿತು. "ಆಸ್ಪತ್ರೆ ಗೋಡೆ ಅಂದ್ನಲ್ಲ, ತಪ್ಪಾತು ಬಿಡವ್ವ," ಎಂದ ಅಪ್ಪ.

ಕಾಲೇಜಿನ ಕಾರ್ಯಕ್ರಮದ ದಿನ ದಂಪತಿಗಳು ಎರಡನೆಯ ಸಾಲಿನಲ್ಲಿ ಕೂತರು. ತೇಜಸ್ವಿನಿ ವೇದಿಕೆಗೆ ಬಂದಳು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ನೇರಳೆ ದೀಪ ಹಾಕಿದ. ಪಿಸ್ತಾ ಹಸಿರು ಬೂದಿಯಾಯಿತು. ಆಮೇಲೆ ಕೆಂಪು ದೀಪ, ಗಿಟಾರು ಕಂದು ಬಣ್ಣಕ್ಕೆ ತಿರುಗಿತು. ಆದರೆ ಅವಳು ತಂತಿ ಮೀಟಿದಾಗ ಸಭಾಂಗಣ ಎದ್ದು ಕುಣಿಯಿತು. ಪಕ್ಕದಲ್ಲಿ ಕೂತಿದ್ದ ಮತ್ತೊಬ್ಬ ಹುಡುಗಿಯ ತಂದೆ ಬಾಗಿ ಕೇಳಿದರು: "ಆ ಕಂದು ಗಿಟಾರಿನ ಹುಡುಗಿ ಯಾರ್ರಿ?"

ವರ್ಣವಿಜಯದ ಸಮಸ್ತ ಇತಿಹಾಸವೂ ಕೊಟ್ರೇಶಪ್ಪನ ನಾಲಗೆಯ ತುದಿಗೆ ನುಗ್ಗಿ ಬಂತು. ಅವನು ಅದನ್ನು ನುಂಗಿಕೊಂಡು, "ನಮ್ಮುಡುಗಿ ರಿ," ಎಂದಷ್ಟೇ ಹೇಳಿ ಎದೆಯುಬ್ಬಿಸಿದ.

"ಹೌದಾ! ಭಾರಿ ಬಾರಿಸ್ತಾಳೆ," ಎನ್ನುತ್ತ ಅವರು ಅವನನ್ನು ದಿಟ್ಟಿಸಿ ನೋಡಿದರು. "ಅಂದಂಗೆ, ನಿಮ್ಮ ಕಿವಿ ಹಿಂದೆ ಏನೋ ಹಸರು ಹತ್ತೇತಿ ನೋಡ್ರಿ. ಚಟ್ನಿ ಇರ್ಬೇಕು."