ಇಂಗ್ಲೆಂಡಿನ ಸೇತುವೆಗಳೂ ನಮ್ಮ ಮಾವನೂ

ಇಂಗ್ಲೆಂಡಿನಲ್ಲಿ ನನ್ನ ಸೋದರಮಾವನಿಗೆ ಒಬ್ಬನೇ ಒಬ್ಬ ಮನುಷ್ಯನ ಪರಿಚಯವಿಲ್ಲ. ಆದರೆ ಅಲ್ಲಿನ ಹಳೆಯ ರೈಲು ಸೇತುವೆಗಳೆಲ್ಲ ಅವರನ್ನು ಕಂಡರೆ ಗುರುತು ಹಿಡಿಯುತ್ತವೆ ಎಂಬುದು ನಮ್ಮ ಮನೆಯವರ ದೃಢವಾದ ನಂಬಿಕೆ!

ಮಾವ ಇರುವುದು ಅಮೆರಿಕದಲ್ಲಿ, ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಸಾಫ್ಟ್‌ವೇರ್ ಕೆಲಸದಿಂದ ರಿಟೈರ್ ಆಗಿದ್ದಾರೆ. ಮದುವೆಯಾಗಲಿಲ್ಲ. ಹಾಲು ತರಬೇಕೆಂದರೂ ಕಾರು ಹತ್ತಬೇಕಾದ ಊರಿನಲ್ಲಿ ಕೂತು ಈ ಪುಣ್ಯಾತ್ಮರು ಕನಸು ಕಾಣುವುದು ಉಗಿಬಂಡಿಯದು! ಕೋವಿಡ್ ಕಳೆದು ವಿಮಾನಗಳು ಹಾರತೊಡಗಿದ ಮೇಲಂತೂ ಪ್ರತಿ ಬೇಸಿಗೆಯೂ ಬ್ರಿಟನ್ ಯಾತ್ರೆ. ಒಬ್ಬರೇ.

"ಲಂಡನ್ ಹೇಗಿತ್ತು ಮಾವ?"

"ಪ್ಯಾಡಿಂಗ್ಟನ್ ಸ್ಟೇಷನ್ ಸೂಪರ್ ಕಣೇ."

"ಅರಮನೆ ನೋಡಿದ್ರಾ?"

"ಅದರೊಳಗೆ ಟ್ರೈನ್ ಹೋಗಲ್ವಲ್ಲ!"

ಒಮ್ಮೆ ಕ್ಯಾರಿಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ಯಾರೋ ಪಾಪ, "ಅಂಕಲ್, ಇಂಗ್ಲೆಂಡಿನ ಕಾಲುವೇಲಿ ದೋಣಿ ಗುಡ್ಡ ಹೇಗೆ ಹತ್ತುತ್ತೆ?" ಎಂದು ಕೇಳಿಬಿಟ್ಟರು. ಕೇಳಬಹುದೇ? ಮಾವ ದೊಡ್ಡ ಟ್ರೇ ಒಂದರ ನಡುವೆ ಹಪ್ಪಳವನ್ನು, ನೀರು ತಡೆದು ದೋಣಿಯನ್ನು ಮೇಲೇರಿಸುವ ಕಾಲುವೆ ಗೇಟಿನಂತೆ ನಿಲ್ಲಿಸಿ, ಒಂದು ಬದಿಗೆ ಸಾರು ಸುರಿದು, ಬೋಂಡಾವನ್ನು ದೋಣಿ ಮಾಡಿ ತೇಲಿಸಿದರು. ಹಪ್ಪಳ ಮೆತ್ತಗಾಯಿತು. ಗೇಟು ಮುರಿಯಿತು. ಪ್ರವಾಹ ಪಕ್ಕದ ಆಂಟಿಯ ರೇಷ್ಮೆ ಸೀರೆಯವರೆಗೂ ಹರಿಯಿತು. "ನಿಜವಾದ ಗೇಟು ಓಕ್ ಮರದ್ದು" ಎಂದರು ಮಾವ, ಆಂಟಿಗೆ ಸಮಾಧಾನ ಹೇಳುವ ಧ್ವನಿಯಲ್ಲಿ! ಆಮೇಲೆ ಅವರನ್ನು ಊಟಕ್ಕೆ ಕರೆಯುವವರು ಕಡಿಮೆಯಾದರು.

ಯಾರ್ಕ್‌ಷೈರಿನಲ್ಲಿ ಆದದ್ದೇ ಬೇರೆ. ಅಲ್ಲೊಂದು ಪುಟ್ಟ ಸ್ಟೇಷನ್ನನ್ನು ಹಳೆಯ ಕಾಲದಲ್ಲಿ ಇದ್ದಂತೆಯೇ ಕಾಪಾಡಿ ಇಟ್ಟಿದ್ದಾರೆ. ಪ್ಲಾಟ್‌ಫಾರ್ಮಿನ ಮೇಲೆ ತಳ್ಳುಗಾಡಿ, ಅದರ ಮೇಲೆ ಬಂದವರು ನೋಡಲೆಂದು ಹಳೆಯ ಸೂಟ್‌ಕೇಸುಗಳ ರಾಶಿ. ಮಾವ ತಾತನ ಕಾಲದ ತಮ್ಮ ಚರ್ಮದ ಪೆಟ್ಟಿಗೆಯನ್ನೂ ಅಲ್ಲೇ ಇಟ್ಟು ಎಂಜಿನ್ ನೋಡಲು ಹೋದರು. ವಾಪಸ್ ಬಂದು ಎತ್ತಿಕೊಂಡರೆ, ಅಲ್ಲಿನ ಸ್ವಯಂಸೇವಕಿ ಅಜ್ಜಿ ಅಡ್ಡ ನಿಂತರು. ಪ್ರದರ್ಶನದ ವಸ್ತು ಮುಟ್ಟಬಾರದು! ಕೊನೆಗೆ ಪೆಟ್ಟಿಗೆ ತೆರೆದು, ಚಟ್ನಿಪುಡಿಯ ವಾಸನೆ ತೋರಿಸಿದ ಮೇಲೆಯೇ ಬಿಡುಗಡೆ.

"ಅಷ್ಟರಲ್ಲಿ ಎಷ್ಟು ಜನ ನನ್ನ ಪೆಟ್ಟಿಗೆ ಜೊತೆ ಸೆಲ್ಫಿ ತಗೊಂಡ್ರು ಗೊತ್ತಾ?" ಎಂದು ಫೋನಿನಲ್ಲಿ ನಕ್ಕರು.

"ನಿಮ್ಮ ಫೋಟೋನೂ ಕಳ್ಸಿ ಮಾವ."

"ನಂದು ಯಾರು ತೆಗೀತಾರೆ?"

ಈ ವರ್ಷ ಅವರ ಮಂಡಿಗೆ ಆಪರೇಷನ್ ಆಯಿತು. ಯಾತ್ರೆ ನಿಂತಿತು. ಫೋನಿನಲ್ಲಿ ರೈಲಿನ ಮಾತೂ ನಿಂತಿತು! ಮೈಸೂರಿನಿಂದ ಅಮ್ಮ, "ಹೂಂ, ಉಹೂಂ ಬಿಟ್ಟು ಅವನು ಮಾತೇ ಆಡ್ತಿಲ್ಲ ಕಣೇ, ಹೋಗಿ ನೋಡ್ಕೊಂಡು ಬಾ" ಎಂದಳು. ವಾಷಿಂಗ್ಟನ್ ಪಕ್ಕದ ನನ್ನೂರು ರಾಕ್‌ವಿಲ್‌ನಿಂದ ಯಾವಾಗಲೂ ಕಾರಿನಲ್ಲಿ ಹೋಗುವ ನಾನು, ಮಾವನಿಗೆ ಖುಷಿಯಾಗಲೆಂದು ಈ ಸಲ ವಾಷಿಂಗ್ಟನ್ನಿನಲ್ಲಿ ಟ್ರೈನ್ ಹತ್ತಿದೆ. ಎಂಜಿನ್ ಯಾವುದು, ಹಳಿ ಹಾಕಿದ್ದು ಯಾವ ಕಾಲದಲ್ಲಿ ಎಂದೆಲ್ಲ ಕೇಳದೆ ಬಿಡುತ್ತಾರೆಯೇ? ದಾರಿಯುದ್ದಕ್ಕೂ ಓದಿಕೊಂಡು ಪರೀಕ್ಷೆಗೆ ಸಿದ್ಧಳಾದೆ.

ಕ್ಯಾರಿಯಲ್ಲಿ ಇಳಿದಾಗ ಮಾವ ಊರುಗೋಲು ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಶರ್ಟು, ನೀಟಾಗಿ ಬಾಚಿದ ತಲೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ಎಷ್ಟೊಂದು ಸ್ಟೇಷನ್ ನೋಡಿದೀನಿ ಕಣೇ. ನನ್ನನ್ನ ನೋಡೋಕೆ ಅಂತ ಯಾರೂ ಇಳಿದಿರ್ಲಿಲ್ಲ."

ಟ್ರೈನು ಕೂಗಿ ಹೊರಟಿತು. ಮಾವ ಅದರತ್ತ ತಿರುಗಿಯೂ ನೋಡಲಿಲ್ಲ.