ನಾನು ಬರೆದ ಜಾಹೀರಾತನ್ನು ನಂಬಿದ ಮಾನ್ಯ ನಾಗರಿಕರಿಗೆ

ಮಾನ್ಯ ನಾಗರಿಕರೇ,

ರಾತ್ರಿ ಎರಡು ಗಂಟೆಗೆ ಹತ್ತು ನಿಮಿಷವಿದ್ದಾಗ ನನ್ನ ದಿಂಬಿನ ಕೆಳಗೆ ಫೋನು ಒಮ್ಮೆ ಗುಂಯ್ ಎಂದಿತು. ಹದಿನಾಲ್ಕು ತಿಂಗಳ ಮಗುವಿರುವ ಮನೆಯಲ್ಲಿ ಆ ಹೊತ್ತಿಗೆ ಎದ್ದು ಕೂತ ತಾಯಿಗೆ ಮತ್ತೆ ನಿದ್ದೆ ಹತ್ತುವುದಿಲ್ಲವಾದ್ದರಿಂದ, ಸಿಕ್ಕ ಸಮಯವನ್ನು ತಮ್ಮ ಯೋಗಕ್ಷೇಮ ವಿಚಾರಿಸುವುದಕ್ಕೆ ಬಳಸಿಕೊಳ್ಳುತ್ತಿದ್ದೇನೆ. ತಾವು ಸುಖನಿದ್ರೆಯಲ್ಲಿದ್ದೀರೆಂದು ನಂಬಿದ್ದೇನೆ. ತಮ್ಮ ಮನೆಮಂದಿಯೆಲ್ಲ ಚೆನ್ನಾಗಿರಲೆಂದು ಹಾರೈಸುತ್ತ, ನಾವು ಮೂವರೂ ಈ ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ಕ್ಷೇಮವಾಗಿರುತ್ತೇವೆಂದು ತಿಳಿಸಲು ಸಂತೋಷಪಡುತ್ತೇನೆ.

ಫೋನಿಗೆ ಬಂದದ್ದು ಉದ್ಯೋಗ ಪರವಾನಗಿ ಕಚೇರಿಯ ಯಂತ್ರ ತಾನಾಗಿಯೇ ಬರೆದ ಪತ್ರ. ಹಲ್ಲು ಕಟ್ಟುವ ಕಾರ್ಖಾನೆಯಲ್ಲಿ ನಾನು ಹನ್ನೊಂದು ತಿಂಗಳಿಂದ ಬದಲಿಯಾಗಿ ಮಾಡುತ್ತಿರುವ ಕೆಲಸವನ್ನು ನನಗೆ ಕಾಯಂ ಮಾಡುವ ಮೊದಲು ಮೂವತ್ತು ದಿನ ಜಾಹೀರಾತು ಹಾಕಿ ಈ ದೇಶದ ನಾಗರಿಕರ ಮುಂದೆ ಇಡಬೇಕೆಂಬ ನಿಯಮದಂತೆ ಇಟ್ಟಾಗಿತ್ತು. ಇಪ್ಪತ್ತೊಂಬತ್ತು ದಿನ ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಮೂವತ್ತನೆಯ ದಿನ ಸಂಜೆ 'ಅರ್ಹ ನಾಗರಿಕ ಅಭ್ಯರ್ಥಿ – ಒಂದು' ಅರ್ಜಿ ಹಾಕಿದ್ದಾರೆ ಎಂಬುದು ಅದರ ಸಾರಾಂಶ. ಆ ಒಂದು ತಾವೇ. ಬೆಳಿಗ್ಗೆ ಒಂಬತ್ತರೊಳಗೆ ತಾವಾಗಿ ಅರ್ಜಿಯನ್ನು ಹಿಂದಕ್ಕೆ ಪಡೆಯದಿದ್ದರೆ ನನ್ನ ಕಡತ ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತದಂತೆ. ಎಷ್ಟು ಸಭ್ಯ ಕಡತ ನೋಡಿ, ಮುಚ್ಚುವುದಕ್ಕೂ ಯಾರಿಗೂ ತೊಂದರೆ ಕೊಡುವುದಿಲ್ಲ.

ತಮ್ಮ ಹೆಸರನ್ನು ಗುಟ್ಟಾಗಿಟ್ಟಿರುವುದರಿಂದ ಈ ಪತ್ರವನ್ನು ಆ ಜಾಹೀರಾತಿನ ಕೆಳಗೆ ಸಾರ್ವಜನಿಕರ ಸಲಹೆ ಮತ್ತು ದೂರುಗಳಿಗೆ ಬಿಟ್ಟಿರುವ ಜಾಗದಲ್ಲೇ ಹಾಕುತ್ತಿದ್ದೇನೆ. ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ, ಕ್ಷಮಿಸಿ. ತಮ್ಮ ಭಾಷೆಯ ಪರೀಕ್ಷೆಯನ್ನು ನಾನು ಎರಡು ಸಲ ಬರೆದು ಪಾಸಾಗಿದ್ದರೂ ಈ ಸರಿಹೊತ್ತಿನಲ್ಲಿ ಅದು ನಾಲಿಗೆಗೆ ಬರುತ್ತಿಲ್ಲ. ಅಲ್ಲಿನ ಭಾಷಾಂತರ ಯಂತ್ರ ಇದನ್ನು ತಮಗಾಗಿ ತಿರುಗಿಸುತ್ತದೆ. ತಿರುಗಿಸುವಾಗ ವಿನಯವಷ್ಟೂ ಉಳಿದು ಮಿಕ್ಕದ್ದೆಲ್ಲ ಸೋರಿಹೋಗಲಿ ಎಂಬುದು ನನ್ನ ಪ್ರಾರ್ಥನೆ.

ಮೊದಲಿಗೆ ತಪ್ಪೊಪ್ಪಿಗೆ. ತಾವು ಓದಿ ಮರುಳಾದ ಆ ಜಾಹೀರಾತನ್ನು ಬರೆದವಳು ನಾನೇ.

ಅದು ಹೀಗಾಯಿತು. ಕಾರ್ಖಾನೆಯ ಮಾಲೀಕರಮ್ಮನವರಿಗೆ ಬರವಣಿಗೆಯೆಂದರೆ ತಲೆನೋವು. "ನಾಲ್ಕು ಸಾಲು ನೀನೇ ಗೀಚಮ್ಮ, ಸುಮ್ನೆ ಶಾಸ್ತ್ರಕ್ಕೆ" ಎಂದರು. ಶಾಸ್ತ್ರಕ್ಕೆ ಬರೆಯುವ ಪದ್ಧತಿ ಏನೆಂದು ಈ ದೇಶದಲ್ಲಿ ಪರದೇಶಿಗಳನ್ನು ಇಟ್ಟುಕೊಂಡಿರುವ ಪ್ರತಿಯೊಂದು ಕಾರ್ಖಾನೆಗೂ ಗೊತ್ತು: ಧೂಳು ಎನ್ನಬೇಕು, ದುರ್ವಾಸನೆ ಎನ್ನಬೇಕು, ದಿನಕ್ಕೆ ಹತ್ತು ಗಂಟೆ ನಿಲ್ಲಬೇಕು ಎನ್ನಬೇಕು, ಶನಿವಾರ ರಜೆಯಿಲ್ಲವೆಂದು ದಪ್ಪಕ್ಷರದಲ್ಲಿ ಹಾಕಬೇಕು, ಒಟ್ಟಿನಲ್ಲಿ ಓದಿದ ನಾಗರಿಕರು ಮೂಗು ಮುಚ್ಚಿಕೊಂಡು ಮುಂದಿನ ಪುಟಕ್ಕೆ ಹೋಗುವಂತಿರಬೇಕು. ಇದು ಗೊತ್ತಿಲ್ಲದವಳು ನಾನೊಬ್ಬಳೇ. ನನ್ನ ತಿಳಿವಳಿಕೆಯನ್ನು ಪರೀಕ್ಷಿಸುತ್ತಿದ್ದಾರೆಂದು ಭಾವಿಸಿ, ಮಗು ಮಲಗಿದ ಮೇಲೆ ಮೂರು ಸಂಜೆ ಅಡುಗೆಮನೆಯ ಕಟ್ಟೆಗೊರಗಿ ನಿಂತು ಬರೆದೆ. ಪೂರ್ವದ ಕಿಟಕಿಯ ಬೆಳಕನ್ನು ಬರೆದೆ. ಹಲ್ಲು ಜೋಡಿಸುವ ಬೆಚ್ಚಗಿನ ಮೇಣ ಬೆರಳ ತುದಿಯ ಮಾತು ಕೇಳುವುದನ್ನು ಬರೆದೆ. ಆರು ವರ್ಷದಿಂದ ಗಂಜಿಯಂಥದ್ದನ್ನೇ ಉಂಡುಕೊಂಡಿದ್ದ ಮುದುಕರೊಬ್ಬರು ನಾವು ಕಟ್ಟಿದ ಹಲ್ಲಿನಲ್ಲಿ ಸೇಬು ಕಚ್ಚಿ, ಆ ಕಚ್ಚಿದ ಗುರುತನ್ನು ತೋರಿಸಲೆಂದೇ ಅರ್ಧ ಸೇಬನ್ನು ಕಾರ್ಖಾನೆಗೆ ತಂದದ್ದನ್ನು ಬರೆದೆ. ಅನುಭವ ಬೇಕಿಲ್ಲ, ಮನಸ್ಸಿದ್ದರೆ ಸಾಕು ಎಂದೂ ಸೇರಿಸಿದೆ. ಓದುವವರಿಗೆ ಚೆನ್ನಾಗಿರಲಿ ಎಂದು.

ಪ್ರಕಟವಾದ ಮೇಲೆ ಓದಿದ ಮಾಲೀಕರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಏನಮ್ಮ ಇದು, ಜನ ಬರದಿರೋ ಹಾಗೆ ಬರಿ ಅಂದ್ರೆ ಮದುವೆ ಕರೆಯೋಲೆ ಬರೆದಿದ್ದೀಯಲ್ಲ" ಎಂದರು. ಒಮ್ಮೆ ಪ್ರಕಟವಾದದ್ದನ್ನು ತಿದ್ದುವುದು ನಿಯಮಬಾಹಿರ. ಯಾರ ಜಾಗಕ್ಕೆ ನಾನು ಬರಬೇಕೋ ಆ ನಿವೃತ್ತಿಗೆ ಹೊರಟಿರುವ ಹಿರಿಯರು, ನಾವೆಲ್ಲ ಮೇಣದಜ್ಜ ಎಂದು ಕರೆಯುವವರು, ತಮ್ಮಂತೆಯೇ ಹುಟ್ಟಾ ನಾಗರಿಕರು, ನನಗೆ ಧೈರ್ಯ ಹೇಳಿದ್ದರು: "ನಮ್ಮ ಹುಡುಗರು ಯಾರೂ ಬರಲ್ಲ ಬಿಡಮ್ಮ. ಇಪ್ಪತ್ತು ವರ್ಷದಿಂದ ಕರೀತಿದ್ದೀನಿ, ನನ್ನ ಅಳಿಯನೇ ಬಂದಿಲ್ಲ." ಅಳಿಯನನ್ನು ನಂಬಿ ನಾನೂ ನಿಶ್ಚಿಂತೆಯಾಗಿದ್ದೆ.

ಯಂತ್ರದ ಪತ್ರ ತಮ್ಮ ಅರ್ಜಿಯ ಎರಡು ಅಂಕಣಗಳನ್ನು ನನಗೆ ತೋರಿಸುವ ಔದಾರ್ಯ ಮೆರೆದಿದೆ. ಅನುಭವ: ಇಲ್ಲ. ಕಾರಣ: "ಜಾಹೀರಾತು ಓದಿ ಮನಸ್ಸು ಕರಗಿತು. ಇಂಥ ಕೆಲಸಕ್ಕಾಗಿಯೇ ಬಹಳ ದಿನದಿಂದ ಕಾಯುತ್ತಿದ್ದೆ." ಸುಳ್ಳು ಹೇಳಲಾರೆ, ಮಾನ್ಯರೇ, ಅದನ್ನು ಓದಿ ಒಂದು ಕ್ಷಣ ನನ್ನ ಎದೆ ಉಬ್ಬಿತು. ಪಕ್ಕದಲ್ಲಿದ್ದ ನನ್ನವರನ್ನು ಅಲುಗಿಸಿ ಓದಿ ಹೇಳಿದೆ. ಅವರು ಒಂದೇ ಕಣ್ಣು ತೆರೆದು, "ಕಾಲೇಜಲ್ಲಿ ಪ್ರಬಂಧಕ್ಕೆ ಬಹುಮಾನ ಬಂದಿತ್ತು ಅಂತಿದ್ದೆಯಲ್ಲ, ತಗೋ, ಇದಕ್ಕೂ ಬಂತು" ಎಂದು ಮಗ್ಗುಲು ಬದಲಿಸಿದರು. ಅವರಿಗೆ ನಿದ್ದೆ ಬಂದಿಲ್ಲವೆಂದು ಬೆನ್ನು ನೋಡಿದರೇ ಗೊತ್ತಾಗುತ್ತಿದೆ.

ಅನುಭವವಿಲ್ಲವೆಂದು ತಾವು ಕೊರಗಬೇಕಾಗಿಲ್ಲ. ಕಲಿಯಲೊಪ್ಪುವ ನಾಗರಿಕರಿಗೆ ಕಲಿಸಲೇಬೇಕೆಂದು ಅದೇ ನಿಯಮದ ಮುಂದಿನ ಸಾಲು ಹೇಳುತ್ತದೆ. ಕಲಿಸುವವರು ಯಾರೆಂದು ಊಹಿಸಿ. ನನ್ನ ಬದಲಿ ಅವಧಿ ಮುಗಿಯಲು ಇನ್ನೂ ಹದಿನೈದು ದಿನವಿರುವುದರಿಂದ ಆ ಭಾಗ್ಯ ನನ್ನದೇ. ಹಾಗಾಗಿ ಮೊದಲನೆಯ ಪಾಠವನ್ನು ಈಗಲೇ ಮುಗಿಸಿಬಿಡುತ್ತೇನೆ. ಪೂರ್ವದ ಕಿಟಕಿ ಇರುವುದು ನಿಜ. ಅದರ ಗಾಜಿನ ಮೇಲೆ ಕೂರುವ, ಅಚ್ಚು ತೆಗೆಯುವ ಪ್ಲಾಸ್ಟರಿನ ಧೂಳನ್ನು ದಿನಕ್ಕೆರಡು ಸಲ ಒರೆಸಿದರೆ ಬೆಳಕು ಬರುತ್ತದೆ. ಆ ಧೂಳು ಹುಬ್ಬಿನಲ್ಲಿ ಕೂತು, ತಾವು ಸಂಜೆ ಮನೆಗೆ ಹೋಗುವಾಗ ತಮ್ಮ ತಂದೆಯವರಂತೆ ಕಾಣುವಿರಿ. ಮೇಣ ಮಾತು ಕೇಳುವುದೂ ನಿಜ. ಅದಕ್ಕೆ ಮೊದಲು ದೀಪದ ಉರಿ ಬೆರಳನ್ನು ಮಾತಾಡಿಸುತ್ತದೆ. ಹಲ್ಲು ಕೂರಿಸಲು ಒಸಡಿನ ಬಣ್ಣದ ಪುಡಿಗೆ ದ್ರವ ಬೆರೆಸಿದಾಗ ಏಳುವ ವಾಸನೆ ಮೂರು ಸಲ ತಲೆಗೆ ನೀರು ಹಾಕಿಕೊಂಡರೂ ಹೋಗದೆ, ಹಾಲು ಕುಡಿಯುವ ಮಗುವೂ ಮುಖ ತಿರುಗಿಸುತ್ತದೆ. ಇನ್ನು ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿದ್ದಾರೆ. ನಾವು ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಮಾತಾಡುವಾಗ ಸಿಳ್ಳೆ ಹಾಕುತ್ತದೆಂದು ಅವರು ಒಂಬತ್ತು ಸಲ ಹಿಂದಕ್ಕೆ ತಂದಿದ್ದಾರೆ. ಹತ್ತನೆಯ ಸಲ ಬರುವುದು ಮುಂದಿನ ವಾರ. ಅವರನ್ನು ತಮಗೆ ಒಪ್ಪಿಸುವಾಗ ನನಗಾಗುವ ದುಃಖವನ್ನು ಹೇಳಲಾರೆ.

ಹಾಗಿದ್ದರೆ ನಿನಗೇಕಮ್ಮ ಇಂಥ ಕೆಲಸ ಎಂದು ತಾವು ಕೇಳಬಹುದು. ಕೇಳುವ ಹಕ್ಕು ತಮಗಿದೆ. ಇಲ್ಲಿ ತಮಗಿಲ್ಲದ ಹಕ್ಕು ಯಾವುದಿದೆ? ನನ್ನವರು ಲಿಫ್ಟ್ ರಿಪೇರಿಯವರು. ಅವರ ಕಂಪನಿ ಈ ಊರಿನ ಕೆಲಸ ಮುಗಿಸಿ ಹೊರಟಿದೆ, ಅವರ ಪರವಾನಗಿ ಈ ತಿಂಗಳಿಗೇ ಕೊನೆ. ನಮ್ಮಿಬ್ಬರಲ್ಲಿ ಯಾರಿಗಾದರೂ ಒಂದು ಕಾಯಂ ಕೆಲಸವಿದ್ದರೆ ಅವರ ಸೆರಗು ಹಿಡಿದು ಮಿಕ್ಕಿಬ್ಬರೂ ಇರಬಹುದು. ಇಲ್ಲವಾದರೆ ನನ್ನವರಿಗೆ ಸಿಕ್ಕಿರುವ ಇನ್ನೊಂದೇ ಕೆಲಸ ನಡುಸಮುದ್ರದ ಎಣ್ಣೆ ಬಾವಿಯಲ್ಲಿ, ಎರಡು ವರ್ಷಕ್ಕೆ, ಅಲ್ಲಿ ಸಂಸಾರಕ್ಕೆ ಪ್ರವೇಶವಿಲ್ಲ. ನಾನೂ ಮಗಳೂ ಒಂದು ಕಡೆ, ಅವರೊಂದು ಕಡೆ. ಮಗಳು ನಿದ್ದೆ ಮಾಡುವುದು ಎಡಗಾಲನ್ನು ಅಪ್ಪನ ಹೊಟ್ಟೆಯ ಮೇಲೆ ಊರಿಕೊಂಡು ಮಾತ್ರ. ಆ ಹೊಟ್ಟೆ ಒಂದು ಅಂಗುಲ ಸರಿದರೂ ಎದ್ದು ಕೂತು ವಿಚಾರಣೆ ನಡೆಸುತ್ತಾಳೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ವಿನಂತಿಗಳು. ತಮ್ಮ ಪೌರತ್ವವನ್ನು, ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೊಟ್ಟ ಹಾಗೆ, ಹದಿನೈದು ದಿನದ ಮಟ್ಟಿಗೆ ಕೊಡಲಾದೀತೇ? ಕಲೆ ಮಾಡದೆ, ಮಡಿಕೆ ಮುರಿಯದೆ ಹಿಂದಿರುಗಿಸುತ್ತೇನೆ. ಅದಾಗದಿದ್ದರೆ ತಾವೇ ಹದಿನೈದು ದಿನ ಪರದೇಶಿಯಾಗಿ ನೋಡಬಹುದು; ನಾನು ಎಲ್ಲ ವ್ಯವಸ್ಥೆ ಮಾಡುತ್ತೇನೆ, ಯಾವ ಸಾಲಿನಲ್ಲಿ ನಿಲ್ಲಬೇಕು, ತಮ್ಮ ಪದವಿಯನ್ನು ಯಾರು ಅನುಮಾನಿಸುತ್ತಾರೆ, ಹೆಸರನ್ನು ಎಷ್ಟು ಸಲ ಬಿಡಿಸಿ ಹೇಳಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ಅದೂ ಬೇಡವೆಂದರೆ, ನನ್ನವರು ಹೊರಟ ಮೇಲೆ ನಮ್ಮ ಮನೆಯಲ್ಲಿ ಅಪ್ಪನ ಹುದ್ದೆಯೊಂದು ಖಾಲಿ ಬೀಳುತ್ತದೆ, ನಿಯಮದಂತೆ ಅದನ್ನೂ ಮೊದಲು ನಾಗರಿಕರ ಮುಂದಿಡಬೇಕಲ್ಲವೇ? ಅರ್ಹತೆ: ಮಟ್ಟಸವಾದ ಹೊಟ್ಟೆ. ರಾತ್ರಿ ಪಾಳಿ. ಅಲುಗುವಂತಿಲ್ಲ. ಈ ಜಾಹೀರಾತನ್ನಾದರೂ ಕೆಟ್ಟದಾಗಿ ಬರೆಯುತ್ತೇನೆಂದು ಮಾತು ಕೊಡುತ್ತೇನೆ.

ತಾವು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ಹೇಳುವ ಯೋಗ್ಯತೆಯೂ ನನಗಿಲ್ಲ. ಕಾಲೇಜಿನ ಎರಡನೆಯ ವರ್ಷದಲ್ಲಿ ನಮ್ಮೂರಿನ ಕಾರ್ಖಾನೆಗೆ ಹೊರಗಿನವರನ್ನು ತೆಗೆದುಕೊಂಡರೆಂದು ನಾವು ಮೆರವಣಿಗೆ ಹೋಗಿದ್ದೆವು. 'ಮೊದಲು ನಮ್ಮವರು, ಆಮೇಲೆ ಮಿಕ್ಕವರು' ಎಂಬ ಘೋಷಣೆಗೆ ಪ್ರಾಸ ಹೊಂದಿಸಿದವಳು ನಾನೇ, ಗಂಟಲು ಹರಿಯುವಂತೆ ಕೂಗಿದವಳೂ ನಾನೇ. ಗೇಟಿನ ಒಳಗೆ ಒಬ್ಬಳು ಬಸುರಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅವಳು ಮಿಕ್ಕವರಲ್ಲಿ ಒಬ್ಬಳೆಂದು ಅವಳ ಕೈಯಲ್ಲಿದ್ದ ಗಂಟುಮೂಟೆ ನೋಡಿಯೇ ತಿಳಿದಿತ್ತು. ಬಿಡಾರ ಖಾಲಿ ಮಾಡಿ ಬಂದಿದ್ದಳು. ಅವಳಿಗೆ ಕೇಳಲೆಂದು ನಾನು ಇನ್ನೂ ಜೋರಾಗಿ ಕೂಗಿದ್ದೆ. ಇದನ್ನು ಇದುವರೆಗೆ ನನ್ನವರಿಗೂ ಹೇಳಿಲ್ಲ. ತಮಗೆ ಹೇಳುತ್ತಿದ್ದೇನೆ, ಯಂತ್ರ ಹೇಗಾದರೂ ತಿರುಗಿಸಿಕೊಳ್ಳಲಿ. ಬಹುಶಃ ತಮ್ಮ ಮನೆಯಲ್ಲೂ ಒಂದು ಮಗುವಿದೆ, ತಾವೂ ಅಡುಗೆಮನೆಯ ಕಟ್ಟೆಗೊರಗಿಯೇ ಅರ್ಜಿ ಬರೆದಿರಬಹುದು, ನಿಜವಾಗಿಯೂ ಬಹಳ ದಿನದಿಂದ ಕಾಯುತ್ತಿದ್ದಿರಬಹುದು. ಹಾಗಿದ್ದರೆ ಈ ಪತ್ರದ ಅರ್ಧ ಭಾಗಕ್ಕೆ ಕ್ಷಮೆ ಇರಲಿ. ಯಾವ ಅರ್ಧವೆಂದು ತಾವೇ ಆರಿಸಿಕೊಳ್ಳಿ; ಆರಿಸುವುದರಲ್ಲಿ ಮೊದಲ ಆದ್ಯತೆ ತಮ್ಮದೇ.

ತಮ್ಮ ಊರಿನ ಹಲ್ಲುಗಳನ್ನು ಇನ್ನೂ ಹದಿನೈದು ದಿನ ಜೋಪಾನವಾಗಿ ಕಟ್ಟಲಿರುವ,

ತಮ್ಮ ವಿಶ್ವಾಸಿ,
ಬದಲಿ ಕೆಲಸದವಳು

ತಾ.ಕ.: ಅರ್ಜಿ ಹಿಂದಕ್ಕೆ ಪಡೆಯುವವರಿಗಾಗಿ ಕಚೇರಿಯ ಫೋನು ರಾತ್ರಿಯಿಡೀ ತೆರೆದಿರುತ್ತದೆ. ಜೇನಿನಂಥ ದನಿಯೊಂದು 'ತಾವು ನಾಗರಿಕರಾಗಿದ್ದರೆ ಒಂದನ್ನು ಒತ್ತಿ' ಎನ್ನುತ್ತದೆ. ಒತ್ತಿ, 'ಬೇಡ' ಎಂದರೆ ಸಾಕು, ಕಾರಣ ಕೇಳುವುದಿಲ್ಲ. ತಮ್ಮ ಪರವಾಗಿ ನಾನೇ ಈಗ ನಾಲ್ಕು ಸಲ ಒತ್ತಿ ನೋಡಿದೆ; ನನ್ನ ಸಂಖ್ಯೆ ಕಂಡ ಕೂಡಲೇ ಅದು ಅಷ್ಟೇ ಸಿಹಿಯಾಗಿ ವಂದಿಸಿ ಇಟ್ಟುಬಿಡುತ್ತದೆ. ನಾಗರಿಕರಿಂದ ಮಾತ್ರ ಆಗುವ ಕೆಲಸಗಳು ನಿಜಕ್ಕೂ ಇವೆ, ಮಾನ್ಯರೇ, ಈಗ ಒಪ್ಪುತ್ತೇನೆ. ಈ ಕೆಲಸವೊಂದನ್ನು ತಾವೇ ಮಾಡಬೇಕು, ಇದಕ್ಕೆ ನಾನು ಅರ್ಜಿ ಹಾಕುವುದಿಲ್ಲ. ಗಂಟೆ ಮೂರೂಕಾಲು. ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿಬಿಡಿ. ಬೇಡ ಎನ್ನಲು ಮನಸ್ಸು ಬಾರದಿದ್ದರೆ ಈ ಪತ್ರದೊಂದಿಗೆ ಕೊಟ್ಟಿರುವ ನನ್ನ ಸಂಖ್ಯೆಗೇ ಮಾಡಿ, 'ಈ ಕೆಲಸ ನನಗೇ ಬೇಕು' ಎಂದು ತಮ್ಮ ಬಾಯಿಂದಲೇ ಹೇಳಿ, ನಾನು ಏನೂ ಅನ್ನುವುದಿಲ್ಲ, ಎದ್ದೇ ಇದ್ದೇನೆ. ಆದರೆ ಮಾಡಿ, ದಯವಿಟ್ಟು, ಬೆಳಗಾಗುವುದರೊಳಗೆ.