ಏರದ ಬಡ್ಡಿ, ಬಗ್ಗದ ಸೋದರತ್ತೆ

ಮೋಡ ನೋಡುತ್ತಾ ಕೂರುವವಳಿಗೆ ಇಂಥವು ಆಗುತ್ತಲೇ ಇರುತ್ತವೆ ಎಂದು ನನ್ನ ಸೋದರತ್ತೆ ಹೇಳುತ್ತಾರೆ. ನನ್ನ ಕೆಲಸವೇ ಅಂಥದ್ದು. ಬ್ಯಾಂಕೂ ಇಲ್ಲದೆ, ಮ್ಯಾನೇಜರೂ ಇಲ್ಲದೆ, ಕಂಪ್ಯೂಟರ್ ಪ್ರೋಗ್ರಾಮೇ ನಡೆಸುವ ಸಾಲದ ಆ್ಯಪ್ ಒಂದಿದೆ. ಕ್ರಿಪ್ಟೊ ಎಂಬ ಡಿಜಿಟಲ್ ದುಡ್ಡು ಇದ್ದವರು ತಂದಿಡುತ್ತಾರೆ, ಬೇಕಾದವರು ಸಾಲ ಪಡೆಯುತ್ತಾರೆ. ಬಡ್ಡಿ ಮೊದಲ ದಿನ ಎಷ್ಟೋ ಕೊನೆಯ ದಿನವೂ ಅಷ್ಟೇ. ಇದನ್ನೆಲ್ಲ ಕನ್ನಡದಲ್ಲಿ ವಿವರಿಸಿ ಬರೆಯುವವಳು ನಾನು. ಮಧುಗಿರಿಯ ನಮ್ಮ ಮನೆಯ ತಾರಸಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೆಟ್ಟದ ಬೋಳು ಬಂಡೆಯ ಮೇಲೆ ಮೋಡ ಬಂದು ಕೂರುವುದನ್ನು ನೋಡುತ್ತಾ, ಮನೆಮಠವಿಲ್ಲದ ಆ ದುಡ್ಡೂ ಹೀಗೇ ಎಲ್ಲೋ ತೇಲುತ್ತಿರಬಹುದು ಎಂದುಕೊಳ್ಳುತ್ತಾ ಅರ್ಧ ದಿನ ಕಳೆದುಬಿಡುತ್ತೇನೆ.

ಒಂದು ದಿನ ಆ ಆ್ಯಪ್ ಮಾಡಿದ ಕಂಪನಿಯ ಯಜಮಾನರು ಫೋನ್ ಮಾಡಿದರು. ಮಂಗಳೂರಿನವರು, ಅಚ್ಚುಕಟ್ಟಾಗಿ ಮಾತಾಡುತ್ತಾರೆ.

"ನೀವು ಬರೆದದ್ದು ನಿಮ್ಮ ಊರ ಕಡೆಯ ಒಬ್ಬರಿಗಾದರೂ ಅರ್ಥವಾಗಬೇಕು. ವಿಡಿಯೊ ಕಾಲ್‌ನಲ್ಲಿ ನಾನೇ ಅವರನ್ನು ಕೇಳುತ್ತೇನೆ. ಅರ್ಥವಾಗಿದ್ದರೆ ಕನ್ನಡವೂ ಉಳಿಯುತ್ತದೆ, ನಿಮ್ಮ ಕೆಲಸವೂ ಉಳಿಯುತ್ತದೆ. ಇಲ್ಲದಿದ್ದರೆ ಇಂಗ್ಲಿಷ್ ಒಂದೇ ಸಾಕು."

ಈ ಕೆಲಸ ಹೋದರೆ ತಾರಸಿಯೂ ಹೋದಂತೆ, ಮೋಡವೂ ಹೋದಂತೆ. ಅರ್ಥವಾಗುವವರನ್ನು ಹುಡುಕಿಕೊಂಡು ಹೊರಟೆ.

ಶಿರಾದ ಟೈಲರ್

ಶಿರಾದಲ್ಲಿ ನನ್ನ ರವಿಕೆ ಹೊಲಿಯುವ ಚಾಚಾ ಮಿಷನ್ ನಿಲ್ಲಿಸಿ ಕೇಳಿದರು.

"ಮ್ಯಾನೇಜರ್ ಇಲ್ವಾ?"

"ಇಲ್ಲ ಚಾಚಾ."

"ಜಾಮೀನು ಹಾಕೋರು?"

"ಬೇಡ."

"ಮಸ್ತ್ ಐತೆ ಬೇಟಿ! ಯಾರ ಮುಂದೂ ಕೈ ಕಟ್ಕೊಂಡು ನಿಲ್ಲಂಗಿಲ್ಲ."

"ಆದ್ರೆ ನೂರು ರೂಪಾಯಿ ಸಾಲಕ್ಕೆ ನೂರೈವತ್ತರಷ್ಟು ಕ್ರಿಪ್ಟೊ ಅಡ ಇಡಬೇಕು" ಎಂದೆ.

ಚಾಚಾ ಕನ್ನಡಕ ಹಣೆಗೇರಿಸಿದರು. "ನೂರೈವತ್ತು ನನ್ ತಾವ ಇದ್ರೆ ನೂರು ಯಾಕ್ ಕೇಳ್ಲಿ?"

ಇಟ್ಟದ್ದನ್ನು ಮಾರಲು ಮನಸ್ಸಿಲ್ಲದ, ಆದರೆ ಈಗಲೇ ದುಡ್ಡು ಬೇಕಾದವರಿಗೆ ಈ ಏರ್ಪಾಡು ಎಂದು ವಿವರಿಸಿದೆ. ತಲೆಯಾಡಿಸಿದರು. ಗೆದ್ದೆ ಎಂದುಕೊಂಡು ಹೊಸ ರವಿಕೆ ಬಟ್ಟೆಯನ್ನು ಅವರ ಮುಂದಿಟ್ಟೆ.

"ಒಂದು ಹೊಲೀಬೇಕಂದ್ರೆ, ಹೊಲಿದಿರೋ ಒಂದೂವರೆ ರವಿಕೆ ಅಡ ಇಡು ಬೇಟಿ" ಎಂದರು. "ನಿನ್ ಕಂಪನಿ ರೂಲು."

ಪಾವಗಡದ ತಾತ

ಪಾವಗಡದ ಕಡೆ ಸೋಲಾರ್ ಕಂಪನಿಗೆ ಹೊಲ ಗುತ್ತಿಗೆ ಕೊಟ್ಟಿದ್ದ ತಾತನಿಗೆ ಒಂದೇ ಮಾತಿನಲ್ಲಿ ಹೇಳಿದೆ. "ಬಿಸಿಲಿದ್ರೂ ಮೋಡ ಇದ್ರೂ ನಿಮಗೆ ಬರೋ ಗುತ್ತಿಗೆ ಅಷ್ಟೇ ಅಲ್ವಾ? ಈ ಬಡ್ಡಿನೂ ಅಂಗೇ."

"ತಿಳೀತು ಕಣಮ್ಮ! ಕಡ್ಲೇಕಾಯಿ ಹಾಕ್ದಾಗ ಮಳೆ ನೋಡ್ಕೊಂಡು ದುಡ್ಡು ಏರೋದು, ಇಳಿಯೋದು. ಇದಕ್ಕೆ ಆ ರಗಳೆ ಇಲ್ಲ."

ನನಗೆ ಕುಣಿಯುವಂತಾಯಿತು. ನಾಳೆ ವಿಡಿಯೊ ಕಾಲ್‌ಗೆ ಬನ್ನಿ ಎಂದೆ. ತಾತ ಆಕಾಶ ನೋಡಿದರು.

"ಆಗಾಕಿಲ್ಲ. ಮಬ್ಬು ಐತೆ. ನೋಡ್ಕೊಂಡಿರಬೇಕು."

"ಮೋಡ ಬಂದ್ರೆ ನಿಮಗೇನು ತಾತ?"

"ನಂಗೆ ಫಿಕ್ಸೆಡ್ಡೇ. ವಾಳ್ಳಕಿ ಕಾದು ಕದಾ! ಕಂಪನಿಯೋರಿಗೆ ಅಂಗಲ್ವಲ್ಲ, ಅವ್ರಿಗೆ ಲಾಸಾದ್ರೆ?"

ನಾನೂ ಪಕ್ಕದಲ್ಲಿ ಕುಳಿತೆ. ಸಾಲು ಸಾಲು ಸೋಲಾರ್ ಹಲಗೆಗಳ ಮೇಲೆ ಮೋಡದ ನೆರಳು ಮೆಲ್ಲಗೆ ಹರಿದುಹೋಗುತ್ತಿತ್ತು, ನಿದ್ದೆಯಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ. ಎಷ್ಟು ಹೊತ್ತು ಕುಳಿತೆವೋ ಗೊತ್ತಾಗಲಿಲ್ಲ. ಒಳಗಿಂದ ಅಜ್ಜಿ ಬಂದು ತಾತನನ್ನು ಕೇಳಿದರು:

"ಮೋಡ ಕಾಯಾಕೆ ನೀನೊಬ್ಬ ಸಾಲ್ದು ಅಂತ ಇವಳ್ನೂ ಸೇರಿಸ್ಕೊಂಡ್ಯಾ?"

ಕೊರಟಗೆರೆಯ ಕಾಫಿ

ಕೊರಟಗೆರೆಯ ದಿನಸಿ ಅಂಗಡಿಯ ಯಜಮಾನರು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದರು. "ಚುಕ್ತಾ ಮಾಡುವಾಗ ಕೊನೆಗೆ ಎಷ್ಟು ಬಿಡ್ತಾರೆ?"

ನಮ್ಮ ಕಡೆ ಸಾಲ ತೀರಿಸಲು ಹೋದರೆ ಕೊಟ್ಟವರು ಒಂದಿಷ್ಟು ಬಿಡಬೇಕು, ಕಾಫಿ ಕೊಟ್ಟು ಕಳಿಸಬೇಕು. ಇಲ್ಲದಿದ್ದರೆ ತೀರಿದಂತೆಯೇ ಅನ್ನಿಸುವುದಿಲ್ಲ.

"ಏನೂ ಬಿಡಲ್ಲ, ಅದು ಪ್ರೋಗ್ರಾಮು" ಎಂದೆ.

"ಕಾಫಿನೂ ಇಲ್ವಾ?" ಎಂದವರೇ, ಅಂಥ ಕಡೆ ಕೆಲಸ ಮಾಡುತ್ತಾಳಲ್ಲ ಪಾಪ ಎಂದು ನನಗೆ ಕಾಫಿ ತರಿಸಿದರು.

ಕೊನೆಗೆ ಅತ್ತೆ

ವಿಡಿಯೊ ಕಾಲ್‌ನ ದಿನ ಬಂದರೂ ಯಾರೂ ಸಿಕ್ಕಿರಲಿಲ್ಲ. ಬೆಟ್ಟದ ಮೇಲೆ ಅವತ್ತು ಮೋಡವೂ ಇರಲಿಲ್ಲ. ದೊಡ್ಡೇರಿಯಿಂದ ಬಂದಿದ್ದ ಸೋದರತ್ತೆ ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದರು. ಬೇರೆ ದಾರಿ ಕಾಣದೆ ನಾನು ಬರೆದದ್ದನ್ನು ಅವರಿಗೇ ಓದಿ ಹೇಳಿ, ಯಜಮಾನರ ಷರತ್ತನ್ನೂ ತಿಳಿಸಿ, ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ.

"ಅಮ್ಮಾ, ನಿಗದಿತ ಬಡ್ಡಿ ಎಂದರೆ ಏನೆಂದು ತಿಳಿದುಕೊಂಡಿರಿ?" ಎಂದರು ಯಜಮಾನರು.

"ಒಂದ್ಸಲ ಒಪ್ಕೊಂಡ್ ಮ್ಯಾಲೆ ಏರ್ಸಂಗಿಲ್ಲ, ಇಳ್ಸಂಗಿಲ್ಲ. ಅಳ್ತಾ ಕುಂತ್ರೂ ಬದ್ಲಾಗಾಕಿಲ್ಲ. ಅಷ್ಟೇ ತಾನೇ?"

"ಬಹಳ ಸರಿಯಾಗಿ ಹೇಳಿದಿರಿ!"

ನಾನು ಇನ್ನೇನು ಉಸಿರು ಬಿಡಬೇಕು, ಯಜಮಾನರು ಗಂಟಲು ಸರಿಮಾಡಿಕೊಂಡರು. "ಆದರೆ ಒಬ್ಬರೇ ಸಾಕಾಗುವುದಿಲ್ಲ ಅನಿಸುತ್ತಿದೆ. ಇನ್ನೂ ಹತ್ತು ಜನರನ್ನು ಕೇಳಿ ಆಮೇಲೆ ತೀರ್ಮಾನಿಸೋಣ."

ನನ್ನ ಕಣ್ಣು ತುಂಬಿಬಂತು. ಅತ್ತೆ ಸಂಡಿಗೆ ಹಿಟ್ಟು ಮೆತ್ತಿದ ಕೈಯನ್ನು ಕ್ಯಾಮೆರಾಗೆ ಅಡ್ಡ ಹಿಡಿದರು.

"ನಿಂತ್ಕೊಳ್ಳಪ್ಪಾ! ಒಬ್ರಿಗೆ ಅರ್ಥ ಆದ್ರೆ ಸಾಕು ಅಂತ ನೀನೇ ಅಂದಿದ್ದೆ. ನಂಗೆ ಅರ್ಥ ಆಯ್ತು. ಈಗ ಹತ್ತು ಜನ ಅಂತ ಏರಿಸ್ತಾ ಇದ್ದೀಯಲ್ಲ, ಅರ್ಥ ಆಗ್ದೆ ಇರೋದು ನಿಂಗೆ ಕಣಪ್ಪಾ! ನಮ್ ಹುಡ್ಗಿ ಬರ್ದಿರೋದ್ನ ನೀನೊಂದ್ಸಲ ಓದು."

ಯಜಮಾನರು ಜೋರಾಗಿ ನಕ್ಕರು.

"ಸೋತೆ ಅಮ್ಮಾ. ಕನ್ನಡ ಇರುತ್ತದೆ, ಇವರ ಕೆಲಸವೂ ಇರುತ್ತದೆ. ಸಂಬಳವೂ ಅಷ್ಟೇ, ಏರದು, ಇಳಿಯದು."

"ಅಯ್ಯೋ, ಅದೊಂದು ಮಾತ್ರ ಫಿಕ್ಸೆಡ್ ಬ್ಯಾಡ ಕಣಪ್ಪಾ" ಎಂದರು ಅತ್ತೆ. "ಅದು ಮೋಡದಂಗೆ ಮ್ಯಾಕ್ಕೆ ಓಯ್ತಾ ಇರ್ಲಿ."